ಕಂಪನಿ ಕೈಬಿಟ್ಟರೂ ಕಾಡು ಬಿಡದ ಜಿಪ್ಸಿ

ಹಳೆಯ ಜಿಪ್ಸಿಯೊಂದರ ಪೂರ್ವಾಶ್ರಮ ತಿಳಿಯಬೇಕಾದರೆ ಬಾಗಿಲು ತೆರೆದು ಕೀಲಿನ ಸಂದಿಯಲ್ಲಿ ನೋಡಬೇಕು. ಹೊರಗೆಲ್ಲ ಬಿಳಿಯೋ ಕೆಂಪೋ ಬಣ್ಣವಿದ್ದು, ಸಂದಿಯಲ್ಲಿ ಮಾತ್ರ ಮಾಸಿದ ಹಸಿರು ಇಣುಕಿದರೆ ಅದು ಸೇನೆಯಲ್ಲಿ ದುಡಿದು ಹರಾಜಿನಲ್ಲಿ ಹೊರಬಂದ ಗಾಡಿ. ಸೇನೆಯ ಆ ಆಲಿವ್ ಹಸಿರನ್ನು ಖಾಸಗಿ ವಾಹನಕ್ಕೆ ಬಳಿಯುವಂತಿಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹಾಗಾಗಿ ಕೊಂಡವರು ಬಣ್ಣ ಬದಲಿಸುತ್ತಾರೆ, ಆದರೆ ಸಂದಿಗೊಂದಿಗಳಲ್ಲಿ ಹಳೆಯ ಬಣ್ಣ ಉಳಿದೇ ಉಳಿಯುತ್ತದೆ.

ಮನೆಮನೆಯಲ್ಲೂ ಸೈನಿಕರಿರುವ ಕೊಡಗಿನಲ್ಲಿ ಈ ‘ಡಿಸ್ಪೋಸಲ್ ಗಾಡಿ’ಗೆ ಬೇರೆಯೇ ಮರ್ಯಾದೆ. ಲಡಾಖಿನಲ್ಲೋ ಸಿಕ್ಕಿಮ್‌ನಲ್ಲೋ ಇದೇ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಬೆನ್ನು ನೋಯಿಸಿಕೊಂಡವರು ನಿವೃತ್ತರಾಗಿ ಬಂದ ಮೇಲೆ ಕಾಫಿ ತೋಟಕ್ಕೆ ಇದನ್ನೇ ಹುಡುಕುತ್ತಾರೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಗೂ ಈ ಗಾಡಿಗೆ ಗಿರಾಕಿಗಳಿದ್ದಾರೆ. ಮಧ್ಯ ಹಾಗೂ ಉತ್ತರ ಭಾರತದ ಹುಲಿ ಕಾಡುಗಳಲ್ಲಂತೂ ಸಫಾರಿ ಎಂದರೆ ಜಿಪ್ಸಿ ಎಂಬಷ್ಟು ಹೆಸರು ಗಟ್ಟಿಯಾಗಿದೆ. ಕಾನ್ಹಾ, ಬಾಂಧವಗಢ, ತಾಡೋಬಾ, ರಣಥಂಬೋರ್, ಕಾರ್ಬೆಟ್, ಎಲ್ಲಿಗೆ ಹೋದರೂ ಬೆಳಗಿನ ಚಳಿಯಲ್ಲಿ ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುವುದು ಅದೇ ದುಂಡು ದೀಪದ, ಚೌಕ ಮೈಯ ಗಾಡಿ.

ಮಾರುತಿ ಕಂಪನಿ ಖಾಸಗಿ ಗ್ರಾಹಕರಿಂದ ಜಿಪ್ಸಿಯ ಬುಕಿಂಗ್ ಪಡೆಯುವುದನ್ನು 2018ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಮಾರಾಟ ಶುರುವಾಗಿದ್ದು 1985ರ ಡಿಸೆಂಬರಿನಲ್ಲಿ. ನಡುವಿನ ಮೂವತ್ತಮೂರು ವರ್ಷಗಳಲ್ಲಿ ದೇಶದ ಕಾರುಗಳ ಚಹರೆಯೇ ಬದಲಾಯಿತು, ಜಿಪ್ಸಿಯ ಚಹರೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇತ್ತು. ತಯಾರಿಕೆ ನಿಂತು ಇಷ್ಟು ವರ್ಷಗಳಾದರೂ ಮಾಲೀಕರು ಇದನ್ನು ಬಿಡಲೊಪ್ಪುತ್ತಿಲ್ಲ. ಈ ನಿಷ್ಠೆಗೆ ಕಾರಣ ಏನು, ಅದು ಇನ್ನೆಷ್ಟು ಕಾಲ ನಡೆದೀತು ಎಂಬುದನ್ನು ಗಾಡಿಯ ಹೊಟ್ಟೆಯೊಳಗೆ ಇಣುಕಿಯೇ ನೋಡಬೇಕು.

ಮೂಲ ಹುಡುಕುತ್ತ ಹೋದರೆ ಜಪಾನಿನ ಹೋಪ್ ಮೋಟಾರ್ ಎಂಬ ಪುಟ್ಟ ಕಂಪನಿ ಸಿಗುತ್ತದೆ. 1960ರ ದಶಕದ ಕೊನೆಯಲ್ಲಿ ಅದು ಓಎನ್360 ಎಂಬ ಚಿಕ್ಕ ನಾಲ್ಕು ಚಕ್ರ ಚಾಲನೆಯ ಗಾಡಿ ಮಾಡಿತು. ಹೆಚ್ಚು ಮಾರಾಟವಾಗಲಿಲ್ಲ. 1968ರಲ್ಲಿ ಸುಜುಕಿ ಅದರ ಹಕ್ಕು ಕೊಂಡು, ತನ್ನದೇ ಇಂಜಿನ್ ಕೂಡಿಸಿ, 1970ರ ಏಪ್ರಿಲ್‌ನಲ್ಲಿ ಎಲ್‌ಜೆ10 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇಂಜಿನ್ 359 ಸಿಸಿ, ಎರಡು ಸ್ಟ್ರೋಕ್, ಗಾಳಿಯಿಂದ ತಣಿಯುವಂಥದ್ದು. ಜಪಾನಿನಲ್ಲಿ ಸಣ್ಣ ಕಾರುಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಉದ್ದ ಮೂರು ಮೀಟರ್ ದಾಟಬಾರದಿತ್ತು. ಸ್ಟೆಪ್ನಿಯನ್ನು ಹಿಂದೆ ತೂಗುಹಾಕಿದರೆ ಉದ್ದ ಮೀರುತ್ತಿತ್ತು. ಅದಕ್ಕೇ ಸ್ಟೆಪ್ನಿಯನ್ನು ಗಾಡಿಯ ಒಳಗೇ ಹಿಂಬದಿಯಲ್ಲಿ ಕೂರಿಸಿ, ಒಬ್ಬರ ಸೀಟು ತೆಗೆದು, ಮೂವರಿಗಷ್ಟೇ ಜಾಗ ಉಳಿಸಿದರು. ಚಿಕ್ಕದಾಗಿ, ಹಗುರವಾಗಿ ಇರಲೇಬೇಕು ಎಂಬ ಆ ಮೊದಲ ಬಿಗಿಯೇ ಮುಂದೆ ಈ ವಂಶದ ದೊಡ್ಡ ಗುಣವಾಯಿತು.

1980ರ ದಶಕದ ಆರಂಭದಲ್ಲಿ ಬಂದ ಎಸ್‌ಜೆ410 ಜಗತ್ತು ಸುತ್ತಿತು. ಅಮೆರಿಕದಲ್ಲಿ ಇದರ ಅಣ್ಣತಮ್ಮಂದಿರು ಸಮುರಾಯ್ ಆದರು, ಆಸ್ಟ್ರೇಲಿಯಾದಲ್ಲಿ ಸಿಯೆರಾ, ಇಂಡೋನೇಷ್ಯಾದಲ್ಲಿ ಕತಾನಾ, ಪಾಕಿಸ್ತಾನದಲ್ಲಿ ಪೋಠೋಹಾರ್. ಸ್ಪೇನಿನಲ್ಲಿ ಸಂತಾನಾ ಕಂಪನಿಯೂ ತಯಾರಿಸಿತು. ಭಾರತಕ್ಕೆ ಬಂದದ್ದು ಇದರ ಉದ್ದ ಮೈಯ ರೂಪ. ಇಲ್ಲಿ ಅದಕ್ಕೆ ಜಿಪ್ಸಿ ಎಂದು ಹೆಸರಿಟ್ಟರು. ಮಾರುತಿ 800 ಬೀದಿಗಿಳಿದು ಆಗಿನ್ನೂ ಎರಡು ವರ್ಷವಾಗಿತ್ತಷ್ಟೆ.

ಮೊದಲ ಜಿಪ್ಸಿ ಎಂಜಿ410. 970 ಸಿಸಿ ಇಂಜಿನ್, 45 ಅಶ್ವಶಕ್ತಿ, ನಾಲ್ಕು ಗೇರು. ಘಾಟಿಯಲ್ಲಿ ಐದಾರು ಜನರನ್ನು ಹೊತ್ತು ಹತ್ತುವಾಗ ಅದು ಏದುಸಿರು ಬಿಡುತ್ತಿತ್ತು. 1993ರಲ್ಲಿ ಎಡಬಲ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದರು, ಗಾಡಿ ತಿರುವಿನಲ್ಲಿ ನೆಲಕ್ಕೆ ಇನ್ನಷ್ಟು ಅಂಟಿಕೊಂಡಿತು. 1996ರಲ್ಲಿ 1298 ಸಿಸಿ ಇಂಜಿನ್ ಮತ್ತು ಐದನೇ ಗೇರು ಬಂದವು, ಹೆಸರಿಗೆ ‘ಕಿಂಗ್’ ಸೇರಿಕೊಂಡಿತು. 2000ದಲ್ಲಿ ಕಾರ್ಬುರೇಟರ್ ಹೋಗಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ ಬಂತು, ಶಕ್ತಿ 80 ಅಶ್ವಶಕ್ತಿಗೆ ಏರಿತು. ಮೂರು ದಶಕಗಳಲ್ಲಿ ಆದ ದೊಡ್ಡ ಬದಲಾವಣೆಗಳು ಇಷ್ಟೇ. ಬೇರೆ ಗಾಡಿಯಾಗಿದ್ದರೆ ಇದನ್ನು ಸೋಮಾರಿತನ ಎನ್ನಬಹುದಿತ್ತು. ಜಿಪ್ಸಿಯ ಮಟ್ಟಿಗೆ ಇದು ಮಾಲೀಕರಿಗೆ ಒದಗಿದ ಭಾಗ್ಯ. ಒಂದು ಕಾಲದ ಗಾಡಿಯ ಎಷ್ಟೋ ಭಾಗಗಳು ಇನ್ನೊಂದು ಕಾಲದ ಗಾಡಿಗೆ ಹೊಂದುತ್ತವೆ, ಒಂದನ್ನು ಬಿಚ್ಚಿ ಕಲಿತ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಬಲ್ಲ.

ಇನ್ನು ಹೊಟ್ಟೆಯೊಳಗಿನ ವಿಚಾರ. ಇಂದಿನ ಹೆಚ್ಚಿನ ಕಾರುಗಳಲ್ಲಿ ಮೈಯೇ ಚಾಸಿ, ಎರಡೂ ಬೇರೆಯಲ್ಲ. ಜಿಪ್ಸಿಯದ್ದು ಏಣಿಯಂಥ ಚಾಸಿ. ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ. ಇಂಜಿನ್, ಗೇರ್‌ಬಾಕ್ಸ್, ಮೈ ಎಲ್ಲವನ್ನೂ ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಮುಂದೆಯೂ ಹಿಂದೆಯೂ ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಹೌಸಿಂಗ್, ಅದನ್ನು ಹೊತ್ತಿರುವುದು ಲಾರಿಗಳಲ್ಲಿ ಇರುವಂಥದೇ ಕಮಾನು ಪಟ್ಟಿ, ಅಂದರೆ ಬ್ಲೇಡ್ ಸೆಟ್. ಒಂದು ಬದಿಯ ಚಕ್ರ ಬಂಡೆಯ ಮೇಲೆ ಏರಿದರೆ ಅದೇ ಹೌಸಿಂಗ್ ಇನ್ನೊಂದು ಬದಿಯ ಚಕ್ರವನ್ನು ಹಳ್ಳದ ಕಡೆಗೆ ಒತ್ತುತ್ತದೆ. ಟಾರು ರಸ್ತೆಯಲ್ಲಿ ಈ ಏರ್ಪಾಟು ಬೆನ್ನು ಮುರಿಯುತ್ತದೆ, ಕಲ್ಲು ದಾರಿಯಲ್ಲಿ ಚಕ್ರವನ್ನು ನೆಲದಿಂದ ಬಿಡಿಸಿಕೊಳ್ಳಲು ಬಿಡುವುದಿಲ್ಲ.

ಗೇರ್‌ಬಾಕ್ಸಿನ ಹಿಂದೆ ಬೇರೆಯಾಗಿ ಕುಳಿತಿರುವ ಇನ್ನೊಂದು ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್. ಅದಕ್ಕೊಂದು ಸಣ್ಣ ಲಿವರ್. ಸಾಮಾನ್ಯ ದಾರಿಯಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. ಲಿವರ್ ಹಾಕಿದರೆ ನಾಲ್ಕಕ್ಕೂ. ಇನ್ನೂ ಒಂದು ಹಂತ ಹಾಕಿದರೆ ‘ಲೋ’. ಆಗ ಇಂಜಿನ್ ಜೋರಾಗಿ ತಿರುಗಿದರೂ ಚಕ್ರ ನಿಧಾನ ಉರುಳುತ್ತದೆ, ಎಳೆಯುವ ಬಲ ಮಾತ್ರ ಸಾಕಷ್ಟು ಹೆಚ್ಚುತ್ತದೆ. ಇಳಿಜಾರಿನಲ್ಲಿ ಲೋ ಹಾಕಿ ಕ್ಲಚ್ಚು, ಬ್ರೇಕು ಎರಡರಿಂದಲೂ ಕಾಲು ತೆಗೆದರೂ ಗಾಡಿ ಇರುವೆಯ ಹಾಗೆ ಇಳಿಯುತ್ತದೆ. ಈ ಇಡೀ ಏರ್ಪಾಟಿನಲ್ಲಿ ಒಂದು ಸೆನ್ಸರ್ ಇಲ್ಲ, ಒಂದು ಮೋಟಾರ್ ಇಲ್ಲ. ಕೈ, ಲಿವರ್, ಹಲ್ಲುಚಕ್ರ, ಅಷ್ಟೇ.

ಆದರೆ ಜಿಪ್ಸಿಯ ನಿಜವಾದ ಬಂಡವಾಳ ಅದರ ತೂಕ. ಬಟ್ಟೆ ಹುಡ್‌ನ ಜಿಪ್ಸಿ ಕಿಂಗ್ ತೂಗುವುದು ಸುಮಾರು 985 ಕಿಲೋ. ಒಂದು ಟನ್ನೂ ಇಲ್ಲ. ಮಳೆಗಾಲದ ತೋಟದ ದಾರಿಯಲ್ಲಿ ಭಾರದ ಗಾಡಿ ಎಷ್ಟೇ ಶಕ್ತಿಯದ್ದಾದರೂ ತನ್ನ ಭಾರಕ್ಕೆ ತಾನೇ ಹೂತುಹೋಗುತ್ತದೆ, ಹಗುರ ಗಾಡಿ ಕೆಸರಿನ ಮೇಲೆ ತೇಲಿದ ಹಾಗೆ ಸಾಗುತ್ತದೆ. ಒಂದು ವೇಳೆ ಸಿಕ್ಕಿಕೊಂಡರೂ ನಾಲ್ಕು ಆಳು, ಒಂದು ಹಗ್ಗ ಇದ್ದರೆ ಹೊರಗೆಳೆಯಬಹುದು. ಒಂದೂವರೆ ಮೀಟರಿನಷ್ಟೇ ಅಗಲದ ಮೈ, ಹಾಗಾಗಿ ಎತ್ತಿನಗಾಡಿಗೆಂದು ಕಡಿದ ದಾರಿಯಲ್ಲೂ ನುಸುಳುತ್ತದೆ. ನೆಲದಿಂದ 210 ಮಿಲಿಮೀಟರ್ ಎತ್ತರ. ಮಲೆನಾಡಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಈ ವಂಶ ಎಲ್ಲಿಯವರೆಗೆ ಹತ್ತಬಲ್ಲದು ಎಂಬುದಕ್ಕೆ ಒಂದು ದಾಖಲೆಯಿದೆ. 2007ರ ಏಪ್ರಿಲ್ 21ರಂದು ಚಿಲಿ ದೇಶದ ಗೊಂಜಾಲೊ ಬ್ರಾವೊ ಮತ್ತು ಎಡ್ವಾರ್ಡೊ ಕನಾಲೆಸ್ ಮಾರ್ಪಡಿಸಿದ ಸುಜುಕಿ ಸಮುರಾಯ್ ಒಂದನ್ನು ಓಜೋಸ್ ದೆಲ್ ಸಲಾಡೊ ಎಂಬ ಅಗ್ನಿಪರ್ವತದ ಮೇಲೆ 6,688 ಮೀಟರ್ ಎತ್ತರಕ್ಕೆ ಓಡಿಸಿದರು. ಅಲ್ಲಿಯವರೆಗೆ ಯಾವ ಕಾರೂ ತಲುಪದ ಎತ್ತರ ಅದು. ನಮ್ಮಲ್ಲೂ 1999ರಲ್ಲಿ ಆರಂಭವಾದ ‘ರೇಡ್ ಡಿ ಹಿಮಾಲಯ’ ರ್‍ಯಾಲಿಯಲ್ಲಿ ವರ್ಷಗಟ್ಟಲೆ ಜಿಪ್ಸಿಯದೇ ದರ್ಬಾರು. ಆ ರ್‍ಯಾಲಿಯನ್ನು ಹಲವು ಬಾರಿ ಗೆದ್ದ ಮನಾಲಿಯ ಸುರೇಶ್ ರಾಣಾ ಜಿಪ್ಸಿ ಓಡಿಸಿಯೇ ಹೆಸರಾದವರು. ಕೊಡಗು, ಚಿಕ್ಕಮಗಳೂರಿನ ತೋಟಗಳ ನಡುವೆ ನಡೆಯುವ ರ್‍ಯಾಲಿಗಳಲ್ಲಿ ಇಂದಿಗೂ ಕೆಸರು ಚಿಮ್ಮಿಸುತ್ತ ಓಡುವ ಜಿಪ್ಸಿಗಳನ್ನು ನೋಡಲು ಜನ ರಸ್ತೆಬದಿಯ ದಿಬ್ಬಗಳ ಮೇಲೆ ನಿಲ್ಲುತ್ತಾರೆ.

ಇಷ್ಟೆಲ್ಲ ಹೊಗಳಿದ ಮೇಲೆ ದೋಷಗಳನ್ನೂ ಹೇಳಬೇಕು. ಜಿಪ್ಸಿ ಕೆಡುತ್ತದೆ, ಆಗಾಗ ಕೆಡುತ್ತದೆ. ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್ ಬೇರಿಂಗ್ ಸವೆದರೆ ಒಂದು ವೇಗಕ್ಕೆ ಬಂದಾಗ ಸ್ಟೇರಿಂಗ್ ಗಡಗಡ ನಡುಗುತ್ತದೆ. ಮೊದಲ ಬಾರಿ ಅನುಭವಿಸಿದವರು ಚಕ್ರವೇ ಕಳಚಿತೆಂದು ಹೆದರುತ್ತಾರೆ. ಹಿಂದಿನ ಹೌಸಿಂಗಿನ ಆಯಿಲ್ ಸೀಲ್ ಸೋತರೆ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಇಳಿದು ಬ್ರೇಕು ಹಿಡಿಯುವುದಿಲ್ಲ. ಪಟ್ಟಿಗಳ ಬುಶ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಟ್ರಾನ್ಸ್‌ಫರ್ ಕೇಸನ್ನು ಹಿಡಿದಿರುವ ರಬ್ಬರ್, ಇವೆಲ್ಲ ಆಗಾಗ ಬದಲಿಸಲೇಬೇಕಾದವು. ಪೆಟ್ರೋಲು ಲೀಟರಿಗೆ ಹತ್ತು ಕಿಲೋಮೀಟರಿನ ಆಸುಪಾಸು, ಕಾಡುದಾರಿಗೆ ಇಳಿದರೆ ಅದೂ ಇಲ್ಲ. ಎಸಿ ಇಲ್ಲ. ಬಹುತೇಕ ಗಾಡಿಗಳಲ್ಲಿ ಪವರ್ ಸ್ಟೇರಿಂಗ್ ಇಲ್ಲ. ಹಿಂದಿನ ಸೀಟಿನಲ್ಲಿ ಎದುರುಬದುರಾಗಿ ಕುಳಿತವರ ತಲೆ ಮೇಲಿನ ಕಂಬಿಗೆ ಬಡಿಯುವುದೂ ಉಂಟು.

ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಮಳೆ, ಕೆಸರು, ಸೆಗಣಿ ನೀರು ಕುಡಿದು ಕಾಲಿಡುವ ಜಾಗದ ತಗಡು ಜರಡಿಯಾಗುತ್ತದೆ. ಮೈಯನ್ನು ಚಾಸಿಗೆ ಕಟ್ಟಿರುವ ಮೂಲೆಗಳು ಒಳಗಿನಿಂದಲೇ ಕೊರೆದುಹೋಗುತ್ತವೆ. ಹೊರಗೆ ಬಣ್ಣ ಮಿಂಚುತ್ತಿರುತ್ತದೆ, ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ!

ಹಾಗಾದರೆ ‘ನಂಬಿಕೆಯ ಗಾಡಿ’ ಎಂದು ಮಾಲೀಕರು ಹೇಳುವುದು ಯಾವ ಅರ್ಥದಲ್ಲಿ? ಕೆಟ್ಟದ್ದು ಏನೆಂದು ಗೊತ್ತಾಗುತ್ತದೆ, ಕೆಟ್ಟ ಜಾಗದಲ್ಲೇ ರಿಪೇರಿಯಾಗುತ್ತದೆ ಎಂಬ ಅರ್ಥದಲ್ಲಿ. ಸಿಗ್ನಲ್ ಇಲ್ಲದ ಕಾಡಿನ ನಡುವೆ ಹೊಸ ಕಾಲದ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡರೆ ಕಂಪ್ಯೂಟರ್ ಹಚ್ಚಿ ಓದುವವರು ಬರುವವರೆಗೆ ಅದು ಏನೆಂದು ತಿಳಿಯದು. ಜಿಪ್ಸಿಯಲ್ಲಿ ಶಬ್ದವೇ ಭಾಷೆ. ‘ಕಟಕಟ’ ಅಂದರೆ ಕ್ರಾಸ್ ಹೋಗಿದೆ, ‘ಗುಂಯ್’ ಅಂದರೆ ಬೇರಿಂಗ್ ಹೋಗಿದೆ. ಒಂದು ಸೆಟ್ ಸ್ಪ್ಯಾನರ್, ಒಂದು ಜಾಕಿ, ಕೈಯಲ್ಲಿ ಸ್ವಲ್ಪ ಗ್ರೀಸ್ ಇದ್ದರೆ ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನವರೂ ಇದನ್ನು ಓಡುವಂತೆ ಮಾಡುತ್ತಾರೆ. ಇದರ ಇಂಜಿನ್ ಎಸ್ಟೀಮ್ ಕಾರಿನ ಇಂಜಿನ್ನಿನ ಕುಟುಂಬದ್ದೇ ಆದ್ದರಿಂದ ಅದರ ಕೆಲಸ ಬಲ್ಲ ಕೈಗಳಿಗೂ ಕೊರತೆ ಇರಲಿಲ್ಲ. ಸೇನೆಗೂ ಪೊಲೀಸರಿಗೂ ಅರಣ್ಯ ಇಲಾಖೆಗೂ ಈ ಗಾಡಿ ಹಿಡಿಸಿದ್ದು ಇದೇ ಕಾರಣಕ್ಕೆ.

ಸೇನೆಯ ವಿಚಾರಕ್ಕೆ ಬಂದರೆ, ಜಿಪ್ಸಿಯನ್ನು ಇಷ್ಟು ವರ್ಷ ಬದುಕಿಸಿದ್ದೇ ಅದು. ಖಾಸಗಿ ಗ್ರಾಹಕರು ಬೆರಳೆಣಿಕೆಯಷ್ಟಾದ ಮೇಲೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇನೆ ಇದನ್ನು ಕೊಂಡಿತು. ಅರ್ಧ ಟನ್ ಹೊರೆ ಹೊರುವ ಸಾಮಾನ್ಯ ಸೇವಾ ವಾಹನ ಎಂಬುದು ಇದರ ದರ್ಜೆ. ಮುಂದೆ ಸೇನೆಯ ಅಗತ್ಯ ಬೆಳೆಯಿತು. 800 ಕಿಲೋ ಹೊರಬೇಕು, ಗಟ್ಟಿ ಮಾಡು ಇರಬೇಕು, ಎಸಿ ಇರಬೇಕು ಎಂದಾಯಿತು. ಆ ಹೊಸ ದರ್ಜೆಗೆ ಟಾಟಾ ಸಫಾರಿ ಸ್ಟಾರ್ಮ್ ಆಯ್ಕೆಯಾಯಿತು. 3,192 ಗಾಡಿಗಳಿಗೆ 2017ರಲ್ಲಿ ಒಪ್ಪಂದವಾಯಿತು. ಖಾಸಗಿ ಮಾರಾಟ ನಿಂತ ಮೇಲೂ ವಿಶೇಷ ವಿನಾಯಿತಿಯಡಿ ಸೇನೆಗಾಗಿ ಮತ್ತಷ್ಟು ಜಿಪ್ಸಿಗಳು ತಯಾರಾದವು ಎಂಬುದೂ ನಿಜ.

ನಿಲ್ಲಿಸಲು ಕಾರಣ ಗಾಡಿ ಮಾರಾಟವಾಗದ್ದಷ್ಟೇ ಅಲ್ಲ, ಸುರಕ್ಷತಾ ನಿಯಮ. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್, ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದಕ್ಕೆ ತೆಗೆಯುವಾಗ ಸದ್ದು ಮಾಡುವ ಸೆನ್ಸರ್ ಕಡ್ಡಾಯವಾದವು. ಅಕ್ಟೋಬರಿನಿಂದ ಹಳೆಯ ಮಾದರಿಗಳೂ ಡಿಕ್ಕಿ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. 2020ರ ಏಪ್ರಿಲ್‌ಗೆ ಬಿಎಸ್-6 ಹೊಗೆ ನಿಯಮ ಬಂತು. 1980ರ ದಶಕದ ಚಾಸಿಯ ಮೇಲೆ ಇವನ್ನೆಲ್ಲ ತುರುಕುವುದು ಆಗದ ಮಾತು.

ಜಿಪ್ಸಿಯನ್ನು ಪ್ರೀತಿಸುವವರು ಈ ಜಾಗದಲ್ಲಿ ಮಾತು ಬದಲಿಸುತ್ತಾರೆ, ಬದಲಿಸಬಾರದು. ಇದರ ಸೋದರ ಸಮುರಾಯ್ ಸುಲಭವಾಗಿ ಮಗುಚುತ್ತದೆ ಎಂದು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1988ರಲ್ಲಿ ಬರೆದು, ಕೊಳ್ಳಲು ಯೋಗ್ಯವಲ್ಲ ಎಂದು ತೀರ್ಪಿತ್ತಿತು. ಸುಜುಕಿ ಆ ಪರೀಕ್ಷೆಯನ್ನೇ ಪ್ರಶ್ನಿಸಿ 1996ರಲ್ಲಿ ಮೊಕದ್ದಮೆ ಹೂಡಿತು. 2004ರಲ್ಲಿ ಎರಡೂ ಕಡೆಯವರು ರಾಜಿಯಾದರು. ಪರೀಕ್ಷೆ ಸರಿಯೋ ತಪ್ಪೋ, ಎತ್ತರದ ಕಿರಿದಾದ ಗಾಡಿಯನ್ನು ವೇಗದಲ್ಲಿ ತಟ್ಟನೆ ತಿರುಗಿಸಬಾರದು ಎಂಬುದು ಭೌತಶಾಸ್ತ್ರದ ಮಾತು. ನಮ್ಮ ಉದ್ದ ಜಿಪ್ಸಿ ಅಷ್ಟು ಚಂಚಲವಲ್ಲ, ಆದರೂ ನೂರರ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿಸಲು ಇದು ಹುಟ್ಟಿಲ್ಲ. ಮಕ್ಕಳನ್ನು ಹಿಂದಿನ ಅಡ್ಡ ಸೀಟಿನಲ್ಲಿ ಕೂರಿಸಿಕೊಂಡು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಇದನ್ನು ಓಡಿಸುವುದು ತಪ್ಪು. ಅದನ್ನು ಸ್ಪಷ್ಟವಾಗಿ ಹೇಳಲೇಬೇಕು.

ಉತ್ತರಾಧಿಕಾರಿ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 2023ರ ಜೂನ್‌ನಲ್ಲಿ ಮಾರುತಿಯ ಐದು ಬಾಗಿಲಿನ ಜಿಮ್ನಿ 12.74 ಲಕ್ಷ ರೂಪಾಯಿ ಆರಂಭದ ಬೆಲೆಗೆ ಬಂತು. ಏಣಿ ಚಾಸಿ, ಮುಂದೆ ಹಿಂದೆ ಗಟ್ಟಿ ಹೌಸಿಂಗ್, ಕೈಯಿಂದ ಹಾಕುವ ಟ್ರಾನ್ಸ್‌ಫರ್ ಲಿವರ್, ಎಲ್ಲ ಜಿಪ್ಸಿಯ ಸಂಪ್ರದಾಯವೇ. ಜೊತೆಗೆ ಸುರುಳಿ ಸ್ಪ್ರಿಂಗ್, ಏರ್‌ಬ್ಯಾಗ್, ಎಸಿ. ಹಳೆಯ ಜಿಪ್ಸಿ ಮಾಲೀಕರಿಗೆ ಖುಷಿಯಾಗಬೇಕಿತ್ತು, ಕೆಲವರಿಗೆ ಆಯಿತು ಕೂಡ. ಆದರೆ ಭಾರತದಲ್ಲಿ ಮಾರಾಟ ನಿರೀಕ್ಷೆಯಷ್ಟು ಏರಲಿಲ್ಲ. ಆ ಬೆಲೆಗೆ ಅಗಲವಾದ, ಮೆತ್ತನೆಯ ಕಾರು ಬೇಕೆನ್ನುವವರೇ ಹೆಚ್ಚು. ಅತ್ತ ಗುರುಗ್ರಾಮದಲ್ಲಿ ತಯಾರಾದ ಇದೇ ಗಾಡಿ 2025ರ ಜನವರಿಯಲ್ಲಿ ‘ಜಿಮ್ನಿ ನೊಮಾಡ್’ ಹೆಸರಿನಲ್ಲಿ ಜಪಾನಿಗೆ ಹೋದಾಗ ನಾಲ್ಕೇ ದಿನದಲ್ಲಿ ಸುಮಾರು 50,000 ಜನ ಬುಕ್ ಮಾಡಿದರು. ಕಂಪನಿ ಬುಕಿಂಗ್ ನಿಲ್ಲಿಸಬೇಕಾಯಿತು. ಹಗುರ ಗಾಡಿಯ ಬೆಲೆ ತವರಿಗೆ ಇನ್ನೂ ಗೊತ್ತಿದೆ.

ಮಲೆನಾಡಿನ ಇನ್ನೊಂದು ಪ್ರೀತಿಯ ಗಾಡಿಯಾದ ಮಹೀಂದ್ರಾ ಜೀಪಿನ ಕತೆ ಸ್ವಲ್ಪ ಬೇರೆ. ಕೊಡಚಾದ್ರಿಗೂ ಮಾಂದಲ್‌ಪಟ್ಟಿಗೂ ಪ್ರವಾಸಿಗರನ್ನು ಹೊರುವುದು ಹೆಚ್ಚಾಗಿ ಆ ಡೀಸೆಲ್ ಜೀಪುಗಳೇ. ಅವುಗಳ ವಂಶ 2010ರಲ್ಲಿ ಬಂದ ಥಾರ್ ಮೂಲಕ ಎಡಬಿಡದೆ ಮುಂದುವರಿಯಿತು. ಜಿಪ್ಸಿಗೆ ಆ ಸೌಭಾಗ್ಯವಿರಲಿಲ್ಲ, ನಡುವೆ ಸರಪಳಿ ಕಡಿಯಿತು.

ಇನ್ನು ಮುಂದೆ ಏನು ಎಂಬ ಪ್ರಶ್ನೆಗೆ ಉತ್ತರ ಗ್ಯಾರೇಜಿನಲ್ಲಿ ಅರ್ಧ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಇನ್ನರ್ಧ ಇದೆ. ಖಾಸಗಿ ಗಾಡಿಯ ಆರ್‌ಸಿಗೆ ಹದಿನೈದು ವರ್ಷ ಆಯಸ್ಸು. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. 2025ರ ಆಗಸ್ಟಿನ ಅಧಿಸೂಚನೆಯಂತೆ ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳಿಗೆ 10,000. ಕರ್ನಾಟಕದಲ್ಲಿ ಇದರ ಮೇಲೆ ಹಸಿರು ತೆರಿಗೆಯೂ ಇದೆ. ದೆಹಲಿ ಸುತ್ತಮುತ್ತ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಎಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದರ ಸುತ್ತ ವ್ಯಾಜ್ಯ ಮುಗಿದಿಲ್ಲ. ಸರಕಾರಿ ಗಾಡಿಗಳಿಗಂತೂ ವಿನಾಯಿತಿ ಇಲ್ಲ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಗುಜರಿಗೆ ಹೋಗಬೇಕು. ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ಇದು ಅನ್ವಯಿಸದು. ಅರಣ್ಯ ಇಲಾಖೆಯ ಹಳೆಯ ಗಾಡಿಗಳು ಚೆನ್ನಾಗಿ ಓಡುತ್ತಿದ್ದರೂ ಈ ಲೆಕ್ಕದಲ್ಲಿ ಮುಗಿದವು.

ವಯಸ್ಸು ನೋಡಿ ಗಾಡಿಯನ್ನು ಕೊಲ್ಲುವುದು ಸರಿಯಲ್ಲ, ಸ್ಥಿತಿ ನೋಡಿ ನಿರ್ಧರಿಸಬೇಕು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ತೋಟದೊಳಗೆ ಓಡುವ, ಬ್ರೇಕು, ಹೊಗೆ ಎರಡೂ ಸರಿಯಿರುವ ಇಪ್ಪತ್ತೈದು ವರ್ಷದ ಜಿಪ್ಸಿ, ನಗರದಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ಹತ್ತು ವರ್ಷದ ಗಾಡಿಗಿಂತ ಹೆಚ್ಚು ಹಾನಿ ಮಾಡುವುದಿಲ್ಲ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಯಂತ್ರದಿಂದಲೇ ಆಗಲಿ. ಪಾಸಾದ ಗಾಡಿಯನ್ನು ಓಡಲು ಬಿಡಲಿ.

ಮಾಲೀಕರೂ ಒಂದು ವಿಷಯದಲ್ಲಿ ಎಚ್ಚರ ತಪ್ಪುತ್ತಾರೆ. ದೊಡ್ಡ ಟೈರು, ಬೇರೆ ಕಾರಿನ ಡೀಸೆಲ್ ಇಂಜಿನ್, ಎತ್ತರಿಸಿದ ಪಟ್ಟಿ ಎಂದು ಗಾಡಿಯ ಚಹರೆಯನ್ನೇ ಬದಲಿಸುತ್ತಾರೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆ ಬದಲಿಸಿದ ಗಾಡಿ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತದೆ, ಅಪಘಾತವಾದರೆ ವಿಮೆಯವರೂ ಕೈ ಎತ್ತುತ್ತಾರೆ. ಮೂಲ ರೂಪದಲ್ಲಿ ಉಳಿದ ಜಿಪ್ಸಿಗೇ ಮುಂದೆ ಬೆಲೆ. 2035ರ ಡಿಸೆಂಬರಿಗೆ ಮೊದಲ ಜಿಪ್ಸಿಗಳಿಗೆ ಐವತ್ತು ತುಂಬುತ್ತದೆ. 2021ರ ವಿಂಟೇಜ್ ವಾಹನ ನಿಯಮದಂತೆ ಐವತ್ತು ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಗೊಬ್ಬರದ ಚೀಲ ಹೊರಬೇಕಾದ ಜಿಪ್ಸಿಗೆ ಆ ಗೌರವ ಉಪಯೋಗಕ್ಕೆ ಬಾರದು.

ಇನ್ನೊಂದು ದಾರಿ ವಿದ್ಯುತ್ತಿನದು. 2023ರ ಏಪ್ರಿಲ್‌ನಲ್ಲಿ ಸೇನಾ ಕಮಾಂಡರ್‌ಗಳ ಸಮಾವೇಶದಲ್ಲಿ ಹಳೆಯ ಜಿಪ್ಸಿಯೊಂದಕ್ಕೆ ಮೋಟಾರ್, ಬ್ಯಾಟರಿ ಕೂರಿಸಿ ತೋರಿಸಲಾಯಿತು. ಸೇನೆ, ದೆಹಲಿ ಐಐಟಿ ಮತ್ತು ಅಲ್ಲಿಯೇ ಬೆಳೆದ ಟ್ಯಾಡ್‌ಪೋಲ್ ಪ್ರಾಜೆಕ್ಟ್ಸ್ ಎಂಬ ಸಂಸ್ಥೆ ಸೇರಿ ಮಾಡಿದ ಕೆಲಸ ಅದು. ಒಮ್ಮೆ ಚಾರ್ಜ್ ಮಾಡಿದರೆ 120 ಕಿಲೋಮೀಟರ್ ಓಡುತ್ತದೆ ಎಂದರು. ಹೆದ್ದಾರಿಗೆ ಇದು ಸಾಲದು, ಸಫಾರಿಗೆ ಧಾರಾಳ. ಕಾಡಿನಲ್ಲಿ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ರಾತ್ರಿ ಮತ್ತೆ ಅದೇ ಶೆಡ್ಡು. ಇಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ಏಣಿ ಚಾಸಿಯ ಗಾಡಿಯಾದ್ದರಿಂದ ಇಂಜಿನ್ ಇಳಿಸಿ ಮೋಟಾರ್ ಕೂರಿಸುವುದೂ ತುಲನೆಯಲ್ಲಿ ಸುಲಭ. ಅನುಮೋದನೆ ಪಡೆದ ಕಿಟ್ ಮಾತ್ರ ಹಾಕಬೇಕೆಂಬ ನಿಯಮ ಇದೆ, ಇರಬೇಕು. ಹುಲಿ ಯೋಜನೆಯ ಕಾಡುಗಳಲ್ಲಿ ಓಡುವ ಜಿಪ್ಸಿಗಳನ್ನು ಗುಜರಿಗೆ ಹಾಕುವ ಮುನ್ನ ಅರಣ್ಯ ಇಲಾಖೆಗಳು ಈ ಮಾರ್ಗವನ್ನು ಗಂಭೀರವಾಗಿ ಯೋಚಿಸಬೇಕು.

ಬಿಡಿಭಾಗಗಳ ಚಿಂತೆ ನಿಧಾನವಾಗಿ ಬೆಳೆಯುತ್ತಿದೆ. ಸವೆಯುವ ಸಾಮಾನುಗಳು, ಅಂದರೆ ಕ್ಲಚ್ ಪ್ಲೇಟ್, ಬೇರಿಂಗ್, ಸೀಲ್, ಕ್ರಾಸ್, ಬ್ರೇಕ್ ಶೂ ಇನ್ನೂ ಸಿಗುತ್ತವೆ. ಕಷ್ಟವಾಗುವುದು ತಗಡಿನ ಭಾಗಗಳದ್ದು, ಟ್ರಾನ್ಸ್‌ಫರ್ ಕೇಸಿನ ಹಲ್ಲುಚಕ್ರಗಳದ್ದು, ಹಳೆಯ ಕಾರ್ಬುರೇಟರಿನದ್ದು. ಅದಕ್ಕಿಂತ ದೊಡ್ಡ ಕೊರತೆ ಕೈಗಳದ್ದು. ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿ, ಕಿವಿಯಿಂದಲೇ ಟ್ಯೂನ್ ಮಾಡುವ ಮೇಸ್ತ್ರಿಗಳು ಮುದುಕರಾಗುತ್ತಿದ್ದಾರೆ, ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಜಿಪ್ಸಿ ಇಟ್ಟುಕೊಂಡವರು ಈಗಲೇ ಅಂಥ ಮೇಸ್ತ್ರಿಯ ಪಕ್ಕ ನಿಂತು ನಾಲ್ಕು ಕೆಲಸ ಕಲಿತುಕೊಳ್ಳುವುದು ಒಳ್ಳೆಯದು.

ಹಳೆಯ ಜಿಪ್ಸಿ ಕೊಳ್ಳುವ ಆಸೆ ಇರುವವರಿಗೆ ಕೊನೆಗೊಂದು ಮಾತು. ಇಂಜಿನ್ ನೋಡಿ ಮರುಳಾಗಬೇಡಿ, ಇಂಜಿನ್ ಬಿಚ್ಚಿ ಮಾಡಿಸಬಹುದು. ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಹೋಲಿಸಿ. ಸೇನೆಯ ಗಾಡಿಯಾಗಿದ್ದರೆ ಹರಾಜಿನ ಮೂಲ ಕಾಗದ ಕೇಳಿ. ಗಾಡಿಯ ಕೆಳಗೆ ಮಲಗಿ, ಸುತ್ತಿಗೆಯ ಹಿಡಿಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದರೆ ಮುಂದಿನ ಮಾತು, ಮೆತ್ತಗೆ ಸದ್ದು ಬಂದರೆ ಕೈ ತೊಳೆದುಕೊಂಡು ಎದ್ದುಬನ್ನಿ. ಈಗಾಗಲೇ ಜಿಪ್ಸಿ ಇರುವವರು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ಮ್ಯಾಟ್ ಎತ್ತಿ, ನೆಲದ ತಗಡು ಒಣಗಿಸಿ, ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹೊಡೆಸಿ.